ಜೆಸಿಬಿ ಕರೆಸುವ ಮುಂಚೆ

ದೀಪಾವಳಿ ಕಳೆದು ಹಾದಿಯ ಕೆಸರು ಒಣಗುತ್ತಿದ್ದ ಹಾಗೆ ನನಗೆ ಫೋನುಗಳು ಶುರುವಾಗುತ್ತವೆ. ಮಾತು ಹೆಚ್ಚುಕಡಿಮೆ ಒಂದೇ. "ಒಂದು ಜಾಗ ತಗೊಂಡಿದೀವಿ. ಸ್ವಲ್ಪ ಓರೆ ಇದೆ, ಆದ್ರೆ ಎದುರಿಗೆ ಸಾಲು ಗುಡ್ಡ ಕಾಣ್ತದೆ. ಜೆಸಿಬಿ ಎರಡು ದಿನ ಹೊಡೆಸಿದ್ರೆ ಸಾಕಲ್ಲ?" ಹೋಗಿ ನೋಡಿದರೆ 'ಸ್ವಲ್ಪ ಓರೆ' ಎಂದದ್ದು ಮರ ಹಿಡಿದುಕೊಂಡು ಇಳಿಯಬೇಕಾದ ಜಾಗ.

ಜೆಸಿಬಿ ಎರಡು ದಿನದಲ್ಲಿ ಸಪಾಟು ಮಾಡಿಕೊಡುತ್ತದೆ, ಅನುಮಾನವಿಲ್ಲ. ಮೊದಲ ಮಳೆಗಾಲಕ್ಕೆ ಹಿಂದಿನ ಗೋಡೆ ಬೆವರಲು ಶುರು. ಮರುವರ್ಷ ಕಪಾಟಿನಲ್ಲಿಟ್ಟ ರೇಷ್ಮೆ ಸೀರೆಗೆ ಬೂಸ್ಟು. ಆಮೇಲೊಂದು ವರ್ಷ ಆಶ್ಲೇಷ ಮಳೆ ಹಿಡಿದು ಹೊಡೆದಾಗ ಧರೆ ಜಾರಿ ಬಚ್ಚಲ ಬಾಗಿಲಿಗೆ ಬಂದು ಕೂತಿರುತ್ತದೆ. ಗುಡ್ಡ ಕಡಿದಾಗ ಹಿಂಬದಿಗೆ ನಿಲ್ಲುವ ಮಣ್ಣಿನ ಗೋಡೆಗೆ ನಮ್ಮ ಕೊಪ್ಪ, ತೀರ್ಥಹಳ್ಳಿ ಸೀಮೆಯಲ್ಲಿ ಧರೆ ಎನ್ನುತ್ತೇವೆ. ಈ ಲೇಖನದಲ್ಲಿ ಅದು ಪದೇ ಪದೇ ಬರುತ್ತದೆ.

ಹಳಬರು ಗುಡ್ಡದಲ್ಲಿ ಮನೆ ಕಟ್ಟಲಿಲ್ಲವೇ ಎಂದು ಕೇಳುವವರಿದ್ದಾರೆ. ಕಟ್ಟಿದರು, ಆದರೆ ಹೆಚ್ಚಿನವರು ಗುಡ್ಡದ ಬುಡದಲ್ಲಿ, ಓರೆ ಸಾವಕಾಶವಾಗುವ ಕಡೆ ಕಟ್ಟಿದರು. ಗುದ್ದಲಿಯಲ್ಲಿ ಕಡಿಯಬೇಕಿದ್ದರಿಂದ ಧರೆ ಆಳೆತ್ತರ ಮೀರುತ್ತಿರಲಿಲ್ಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಸೋಗೆ, ಹುಲ್ಲಿನ ಮಾಡಿನ ಜಾಗಕ್ಕೆ ಹೆಂಚು ಬಂತು. ಮನೆಯ ಜಾಗ ಮಾತ್ರ ಬದಲಾಗಲಿಲ್ಲ. ಈಗ ಯಂತ್ರ ಬಂದಿದೆ. ಅಡಿಕೆ ತೋಟಕ್ಕೆ ಹತ್ತಿರವಾಗಲಿ ಎಂಬುದು ಹೋಗಿ ಸೂರ್ಯಾಸ್ತ ಕಾಣಲಿ ಎಂಬುದು ಬಂದಿದೆ.

ಮಣ್ಣು ಯಾಕೆ ನಿಲ್ಲುತ್ತದೆ, ಯಾಕೆ ಜಾರುತ್ತದೆ

ಗುಡ್ಡದ ಮಣ್ಣು ನಿಂತಿರುವುದು ಅದರ ಕಣಗಳು ಒಂದನ್ನೊಂದು ಒತ್ತಿ ಹಿಡಿದಿರುವುದರಿಂದ. ಕಣಗಳ ಸಂದಿಗೆ ನೀರು ತುಂಬಿದರೆ ಮಣ್ಣಿನ ತೂಕ ಏರುತ್ತದೆ, ಅದೇ ಹೊತ್ತಿಗೆ ಆ ಹಿಡಿತ ಸಡಿಲವಾಗುತ್ತದೆ. ಜಾರಲು ಬೇಕಾದ್ದು ಇಷ್ಟೇ. ಕರಾವಳಿ ಮತ್ತು ಘಟ್ಟದ ಬಹಳ ಕಡೆ ಮೇಲೆ ಜಂಬಿಟ್ಟಿಗೆಯ ಗಟ್ಟಿ ಪದರ, ಅದರಡಿ ಶೇಡಿ ಮಣ್ಣು. ಬಿಳಿ, ಹಳದಿ, ನಸುಗೆಂಪು ಬಣ್ಣದ ಈ ಮಣ್ಣು ಬೇಸಿಗೆಯಲ್ಲಿ ಪಿಕಾಸಿಗೂ ಜಗ್ಗುವುದಿಲ್ಲ, ನೆನೆದರೆ ಬೆಣ್ಣೆ. ಮೇಲೆ ಗಟ್ಟಿ ಕಲ್ಲು ಕಂಡು 'ಬಂಡೆ ಇದೆ, ಭಯವಿಲ್ಲ' ಎಂದುಕೊಳ್ಳುವವರು ಮೋಸ ಹೋಗುವುದು ಇಲ್ಲೇ. ಗುಡ್ಡದ ಕಾಲು ಕಡಿದಾಗ ಇಷ್ಟು ದಿನ ಗಾಳಿ ಬಿಸಿಲು ಕಾಣದ ಶೇಡಿ ಮಣ್ಣು ಹೊರಬೀಳುತ್ತದೆ. ಅದಕ್ಕೆ ಆನುಕೊಂಡಿದ್ದ ಮೇಲಿನ ಭಾರಕ್ಕೆ ಆಸರೆ ತಪ್ಪುತ್ತದೆ.

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ, ಅದೇ ತಿಂಗಳ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದದ್ದನ್ನು ಟಿವಿಯಲ್ಲಿ ನೋಡಿದ್ದೀರಿ. ಮೂರರ ಕಾರಣಗಳೂ ಪೂರ್ತಿ ಒಂದೇ ಅಲ್ಲ. ವಯನಾಡಿನಲ್ಲಿ ಗುಡ್ಡದ ತಲೆಯಿಂದಲೇ ಹರಿದು ಬಂತು, ಕೆಳಗಿನ ಮನೆಯವರ ಕೈಯಲ್ಲಿ ಏನೂ ಇರಲಿಲ್ಲ. ಆದರೆ ಮನೆ ಹಿಂದಿನ ಧರೆ ಬೀಳುವುದು ಬಹುಪಾಲು ನಾವೇ ಮಾಡಿಕೊಂಡದ್ದು. ನಮ್ಮ ಕೈಯಲ್ಲಿ ಇರುವುದು ಅದೊಂದೇ, ಹಾಗಾಗಿ ಅದನ್ನೇ ಹಿಡಿದು ಮಾತಾಡೋಣ.

ಜಾಗ ನೋಡುವಾಗ

1. ಮಳೆಗಾಲದಲ್ಲಿ ಹೋಗಿ. ಬೇಸಿಗೆಯಲ್ಲಿ ತೋರಿಸಿದ ಜಾಗಕ್ಕೆ ಬೇಸಿಗೆಯಲ್ಲೇ ಮುಂಗಡ ಕೊಡಬೇಡಿ. ಪುನರ್ವಸುವೋ ಪುಷ್ಯವೋ ಹಿಡಿದು ಮೂರು ದಿನ ಹೊಡೆದ ಮೇಲೆ, ಗಂಬೂಟು ಹಾಕಿಕೊಂಡು ಇಡೀ ಜಾಗ ಸುತ್ತಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ಹೋಗುತ್ತದೆ, ಎಲ್ಲಿ ಕಾಲು ಹೂಳುತ್ತದೆ, ಎಲ್ಲಿ ಒರತೆ ಎದ್ದಿದೆ ಎಂದು ಚೀಟಿಯಲ್ಲಿ ಗೀಚಿಕೊಳ್ಳಿ. ಮನೆಯ ನಕ್ಷೆಗಿಂತ ಮೊದಲು ಬೇಕಾದ ನಕ್ಷೆ ಅದು.

2. ಮರ ನೋಡಿ. ಬುಡದಲ್ಲಿ ಕುಡುಗೋಲಿನಂತೆ ಬಾಗಿ ಮೇಲೆ ನೆಟ್ಟಗಾದ ಮರಗಳು ಸಾಲಾಗಿ ಕಂಡರೆ ಮಣ್ಣು ವರ್ಷ ವರ್ಷ ಒಂದಿಷ್ಟು ಜರುಗುತ್ತಿದೆ ಎಂದೇ ಅರ್ಥ. ವಾಲಿದ ಬೇಲಿ ಗೂಟ, ನೆಲದಲ್ಲಿ ಅಡ್ಡಲಾಗಿ ಅರ್ಧಚಂದ್ರದ ಬಿರುಕು, ಹಿಂದೆ ಕುಸಿದು ಈಗ ಹುಲ್ಲು ಬೆಳೆದ ಬಟ್ಟಲಿನಂಥ ತಗ್ಗು, ಇವೂ ಅದನ್ನೇ ಹೇಳುತ್ತವೆ. ಅಂಥ ಜಾಗದಲ್ಲಿ ಕಾಫಿಯನ್ನೋ ಮೆಣಸನ್ನೋ ಬೆಳೆದುಕೊಳ್ಳಿ. ಮನೆ ಬೇಡ.

3. ಓರೆ ಅಳೆಯಿರಿ. ಇದಕ್ಕೆ ಮೇಸ್ತ್ರಿಯ ನೀರಿನ ಟ್ಯೂಬು ಸಾಕು. ಮೇಲೊಂದು ಗೂಟ, ಸಮಮಟ್ಟದಲ್ಲಿ 40 ಅಡಿ ಆಚೆ ಕೆಳಗೊಂದು ಗಳ. ಟ್ಯೂಬಿನ ಒಂದು ತುದಿಯ ನೀರು ಮೇಲಿನ ಗೂಟದ ಬುಡಕ್ಕೆ ನಿಂತಾಗ ಇನ್ನೊಂದು ತುದಿಯ ನೀರು ಗಳದ ಮೇಲೆ ಎಷ್ಟು ಎತ್ತರದಲ್ಲಿದೆ ನೋಡಿ. 4 ಅಡಿ ಬಂದರೆ ನೂರಕ್ಕೆ 10ರ ಓರೆ, ತಲೆಬಿಸಿ ಇಲ್ಲ. 10 ಅಡಿ ಬಂದರೆ ನೂರಕ್ಕೆ 25. ಹಾಗೆಂದರೆ ಮನೆಯ ಹಿಂಬದಿಗೂ ಮುಂಬದಿಗೂ ಒಂದು ಅಂತಸ್ತಿನ ವ್ಯತ್ಯಾಸ. 30 ದಾಟಿದರೆ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡುವವರೆಗೂ ಗುದ್ದಲಿ ಹಾಕಬೇಡಿ ಎನ್ನುವುದು ನನ್ನ ಕಟ್ಟುನಿಟ್ಟು.

4. ಗುಂಡಿ ತೋಡಿಸಿ. ಮನೆ ಬರುವ ಜಾಗದಲ್ಲಿ ಮೇಲೊಂದು, ಕೆಳಗೊಂದು, ಆರಡಿ ಆಳ. ಬದಿಯ ಪದರಗಳ ಫೋಟೊ ತೆಗೆದಿಡಿ. ಮಳೆಗಾಲದಲ್ಲಿ ಆ ಗುಂಡಿಯಲ್ಲಿ ನೀರು ಎಷ್ಟಡಿಗೆ ನಿಲ್ಲುತ್ತದೆ ಎಂದು ನೋಡಿ. ಸಾವಿರಾರು ರೂಪಾಯಿಯ ಮಣ್ಣು ಪರೀಕ್ಷೆ ಬೇಡ ಎನ್ನುತ್ತಿಲ್ಲ. ಅದನ್ನು ಮಾಡಿಸಲು ಬಂದವರಿಗೂ ಈ ಗುಂಡಿ ಅರ್ಧ ವಿಷಯ ಹೇಳಿರುತ್ತದೆ.

5. ಭೂಪರಿವರ್ತನೆ, ಪಂಚಾಯಿತಿ ಪರವಾನಗಿ ಇಲ್ಲದೆ ಮುಂದುವರಿಯಬೇಡಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಭೂಕುಸಿತ ಸಾಧ್ಯತೆಯ ನಕ್ಷೆ 'ಭೂಕೋಶ್' ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ, ಅದನ್ನೂ ನೋಡಿ. ಆದರೆ ಅದು ಇಡೀ ಸೀಮೆಯ ನಕ್ಷೆ. ನಿಮ್ಮ ಹತ್ತು ಗುಂಟೆ ಅದರಲ್ಲಿ ಸಾಸಿವೆ ಕಾಳಿನಷ್ಟೂ ಇರುವುದಿಲ್ಲ. ನಕ್ಷೆಯಲ್ಲಿ ಹಸಿರು ಬಣ್ಣ ಬಂತೆಂದು ಧರೆಗೆ ಗೊತ್ತಾಗುವುದಿಲ್ಲ.

ಒಂದು ಮಟ್ಟವೋ, ಮೂರು ಮೆಟ್ಟಿಲೋ

ನೂರಕ್ಕೆ 25ರ ಓರೆಯಲ್ಲಿ 40 ಅಡಿ ಚದರದ ಮನೆಗೆ ಒಂದೇ ಸಪಾಟು ಕಡಿದರೆ ತೆಗೆಯಬೇಕಾದ ಮಣ್ಣು 8,000 ಘನ ಅಡಿ. ಅಗೆದ ಮಣ್ಣು ಉಬ್ಬುತ್ತದೆ, ಕಾಲುಭಾಗ ಸೇರಿಸಿ 10,000 ಎನ್ನಿ. 250 ಅಡಿ ಹಿಡಿಸುವ ಟಿಪ್ಪರಿಗೆ 40 ಲೋಡು. ಹಿಂದೆ 10 ಅಡಿ ಧರೆ.

ಅದೇ ಮನೆಯನ್ನು ಮೂರು ಮಟ್ಟದಲ್ಲಿ ಕೂರಿಸಿ. ಒಂದೊಂದೂ 13 ಅಡಿ ಚಿಲ್ಲರೆ ಅಗಲ, ಒಂದರಿಂದ ಇನ್ನೊಂದಕ್ಕೆ ಮೂರೂಕಾಲು ಅಡಿ ಇಳಿತ, ನಡುವೆ ಏಳು ಮೆಟ್ಟಿಲು. ಈಗ ಮಣ್ಣು 2,700 ಘನ ಅಡಿಯೂ ಬರುವುದಿಲ್ಲ. 40 ಲೋಡು 13 ಆಯಿತು, 10 ಅಡಿಯ ಧರೆ ಮೂರೂಕಾಲು ಅಡಿಯ ಮೂರು ಕಟ್ಟೆಯಾಯಿತು. ಎಷ್ಟು ಮಟ್ಟ ಮಾಡುತ್ತೀರೋ ಅಷ್ಟರಿಂದ ಮಣ್ಣನ್ನು ಭಾಗಿಸಿ, ಲೆಕ್ಕ ಅಷ್ಟೇ.

ಎತ್ತರ ಇಳಿಸುವುದರ ಲಾಭ ಮಣ್ಣಿನದ್ದು ಮಾತ್ರವಲ್ಲ. ಗೋಡೆಯನ್ನು ತಳ್ಳುವ ಒಟ್ಟು ಬಲ ಎತ್ತರದ ವರ್ಗದಷ್ಟು ಏರುತ್ತದೆ. ಎತ್ತರ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು, ಕೆಡವುವ ಬಲ ಎಂಟು ಪಟ್ಟು. ಹತ್ತಡಿಯ ಗೋಡೆ ಐದಡಿಯ ಎರಡು ಗೋಡೆಗೆ ಸಮ ಎಂದು ಮೇಸ್ತ್ರಿ ಹೇಳಿದರೆ ನಂಬಬೇಡಿ.

ತಿರುವನಂತಪುರದ ನಾಲಂಚಿರದಲ್ಲಿ ಲಾರಿ ಬೇಕರ್ ತಮಗಾಗಿ ಕಟ್ಟಿಕೊಂಡ 'ಹ್ಯಾಮ್ಲೆಟ್' ಮನೆ ಇಂಥದ್ದೇ ಕಡಿದಾದ ಬಂಡೆಗುಡ್ಡದ ಮೇಲಿದೆ. ಅವರು ಗುಡ್ಡವನ್ನು ಮನೆಗೆ ಹೊಂದಿಸಲಿಲ್ಲ. ಕೋಣೆಗಳೇ ಬಂಡೆಗೆ ಹೊಂದಿಕೊಂಡು ಮೇಲೆ ಕೆಳಗೆ ಹರಡಿಕೊಂಡವು. ಕಡಿದಾದ ಜಾಗಕ್ಕೆ ಮನೆಯ ನಕ್ಷೆಯನ್ನು ಪುಸ್ತಕದಿಂದ ಎತ್ತಿಕೊಳ್ಳಲು ಆಗದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಒಂದು ಎಚ್ಚರಿಕೆ. ಮೆಟ್ಟಿಲು ಮನೆ ಎಂದರೆ ಮನೆಯ ಹಿರಿಯರಿಗೆ ಮಂಡಿನೋವು ಎಂದೂ ಅರ್ಥ. ಅಡುಗೆ, ಊಟ, ಒಂದು ಮಲಗುವ ಕೋಣೆ, ಒಂದು ಬಚ್ಚಲು ಇಷ್ಟು ಒಂದೇ ಮಟ್ಟದಲ್ಲಿರಲಿ, ಆ ಮಟ್ಟಕ್ಕೆ ಹೊರಗಿನಿಂದ ಮೆಟ್ಟಿಲಿಲ್ಲದೆ ಬರುವಂತಿರಲಿ. ಉಳಿದದ್ದು ಮೇಲೆ ಕೆಳಗೆ ಹೋಗಲಿ. ಹೊರಗಿನ ಮೆಟ್ಟಿಲಿಗೆ ನುಣುಪು ಟೈಲ್ಸ್ ಬೇಡವೇ ಬೇಡ, ಜುಲೈ ಹೊತ್ತಿಗೆ ಪಾಚಿ ಕಟ್ಟುತ್ತದೆ. ಒರಟು ಕಲ್ಲು, ಒಂದು ಬದಿಗೆ ಕೈಪಿಡಿ.

ಪಾಯದ ವಿಷಯದಲ್ಲಿ ಮೂರೇ ಮಾತು. ಪಾಯ ಕೂರಬೇಕಾದ್ದು ಕದಡದ ಮೂಲ ನೆಲದ ಮೇಲೆ. ಮೇಲಿನಿಂದ ಕಡಿದು ಕೆಳಗೆ ತುಂಬಿಸಿದ ಮಣ್ಣಿನ ಮೇಲೆ ಬೇಡ, ಅದನ್ನು ಎಷ್ಟೇ ರೋಲರ್ ಹೊಡೆಸಿದ್ದರೂ. ಇಳಿಜಾರಿನ ಕಡೆ ಪಾಯದ ಅಂಚಿನಿಂದ ನೆಲದ ಮೈಗೆ ಕನಿಷ್ಠ 3 ಅಡಿ ಮಣ್ಣು ಉಳಿಯಲಿ, ಬಂಡೆಯಾದರೆ 2 ಅಡಿ ಸಾಕು. ಕಂಬದ ಮೇಲೆ ಮನೆ ನಿಲ್ಲಿಸುವುದಾದರೆ, ಮೇಲ್ಬದಿಯ ಗಿಡ್ಡ ಕಂಬಗಳು ಕೆಳಬದಿಯ ಉದ್ದ ಕಂಬಗಳಿಗಿಂತ ಬಹಳ ಬಿಗಿ. ಭೂಮಿ ಅಲುಗಿದರೆ ಹೊಡೆತವೆಲ್ಲ ಗಿಡ್ಡ ಕಂಬಕ್ಕೆ. ಉದ್ದ ಅರ್ಧವಾದರೆ ಬಿಗಿ ಎಂಟು ಪಟ್ಟು. ಕಂಬದ ಕಬ್ಬಿಣ ಎಷ್ಟೆಂದು ಪಕ್ಕದ ಮನೆಯವರನ್ನು ಕೇಳಿ ಹಾಕುವ ಕೆಲಸ ಇದಲ್ಲ.

ಮೊದಲು ನೀರಿಗೆ ದಾರಿ, ಆಮೇಲೆ ನಿಮಗೆ

1,500 ಚದರಡಿ ಮಾಡಿನ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ ಹತ್ತಿರಹತ್ತಿರ 14,000 ಲೀಟರ್. ಮಲೆನಾಡಿನಲ್ಲಿ ನೂರು ಮಿಲಿಮೀಟರ್ ಎಂದರೆ 'ಇವತ್ತು ಸ್ವಲ್ಪ ಜೋರು' ಎನ್ನುವಂಥ ಮಳೆ. ಇದು ಮಾಡಿನ ನೀರಷ್ಟೇ, ಮೇಲಿನ ಗುಡ್ಡದ್ದು ಬೇರೆ.

ಕೆಲಸದ ಕ್ರಮ ಹೀಗಿರಲಿ:

1. ಧರೆ ಕಡಿಯುವ ಮುಂಚೆ ಅದರ ತಲೆಯಿಂದ ಏಳೆಂಟು ಅಡಿ ಹಿಂದೆ ಅಡ್ಡ ಚರಂಡಿ. ಗುಡ್ಡದಿಂದ ಹರಿದು ಬರುವ ನೀರನ್ನು ಅಲ್ಲೇ ಹಿಡಿದು ಎರಡೂ ಬದಿಗೆ ತಿರುಗಿಸಬೇಕು. ತಳಕ್ಕೆ ಕಲ್ಲು, ಸಿಮೆಂಟ್ ಹಾಕಿಸಿ. ಮಣ್ಣಿನ ಚರಂಡಿ ಅಲ್ಲಿ ಅಪಾಯ, ನೀರು ಹರಿಯುವ ಬದಲು ಧರೆಯ ಬೆನ್ನಿಗೆ ಇಳಿಯುತ್ತದೆ.

2. ತಡೆಗೋಡೆ. ನಾಲ್ಕಡಿವರೆಗೆ ಒಳ್ಳೆಯ ಮೇಸ್ತ್ರಿ ಸೈಜುಗಲ್ಲಿನಲ್ಲಿ ಕಟ್ಟಬಲ್ಲ, ಬುಡದ ಅಗಲ ಎತ್ತರದ ಅರ್ಧಕ್ಕಿಂತ ಕಡಿಮೆ ಆಗದಿರಲಿ. ಅದಕ್ಕಿಂತ ಎತ್ತರವಾದರೆ ಎಂಜಿನಿಯರ್ ಲೆಕ್ಕ ಹಾಕಲಿ. ಗೋಡೆಯ ಬೆನ್ನಿಗೆ ಒಂದಡಿ ದಪ್ಪ ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೊ ಬಟ್ಟೆ, ಬುಡದಲ್ಲಿ ತೂತಿನ ಪೈಪು. ಗೋಡೆಯಲ್ಲಿ ಐದಾರು ಅಡಿಗೊಂದು 3 ಇಂಚಿನ ಪೈಪು ಹೊರಕ್ಕೆ ಇಳಿಜಾರಾಗಿ.

ಈ ಪೈಪುಗಳ ಕಥೆ ಒಂದಿದೆ. ನನ್ನ ಮನೆಯ ಹಿಂದಿನ ಗೋಡೆ ಎಂಟಡಿ. ಕೆಲಸ ಮುಗಿಯುವ ವಾರ ನಾನು ಊರಲ್ಲಿರಲಿಲ್ಲ. ಬಂದು ನೋಡಿದರೆ ಗೋಡೆ ಕನ್ನಡಿಯಂತೆ ಪ್ಲಾಸ್ಟರ್ ಆಗಿದೆ, ಹನ್ನೆರಡು ಪೈಪಿನಲ್ಲಿ ಒಂದೂ ಕಾಣಿಸುತ್ತಿಲ್ಲ. "ತೂತು ಇದ್ರೆ ಚೆಂದ ಕಾಣಲ್ಲ ಮಾರಾಯ್ರೆ, ಹಲ್ಲಿ ಹಾವು ಬೇರೆ ಬರ್ತವೆ. ನೀಟಾಗಿ ಮುಚ್ಚಿಸಿದೀನಿ" ಎಂದ ಮೇಸ್ತ್ರಿ, ಮೆಚ್ಚುಗೆ ಕಾಯುತ್ತ. ಎಂಟಡಿ ಗೋಡೆಯ ಬೆನ್ನಿಗೆ ನೀರು ತುಂಬಿ ನಿಂತರೆ ಒಂದೊಂದು ಅಡಿ ಉದ್ದಕ್ಕೆ ಸುಮಾರು 900 ಕಿಲೊ ತಳ್ಳುತ್ತದೆ, ಮೂವತ್ತಡಿಗೆ 27 ಟನ್. ಅದು ನೀರಿನದ್ದು ಮಾತ್ರ, ಮಣ್ಣಿನದ್ದು ಅಲಾಯದ. ಚಾಣ ಸುತ್ತಿಗೆ ಹಿಡಿದು ಇಬ್ಬರೂ ಹುಡುಕಿ ಹುಡುಕಿ ತೆರೆದೆವು. ಏಳನೆಯದು ಬಿಚ್ಚಿದಾಗ ಕೆಂಪು ನೀರು ಅವನ ಅಂಗಿಯ ಮೇಲೇ ಚಿಮ್ಮಿತು. ಆಮೇಲೆ ಅವನು ಯಾರ ಮನೆಯಲ್ಲೂ ಮುಚ್ಚಿಲ್ಲ. ಹಾವು ಬಾರದಿರಲು ಪೈಪಿನ ಬಾಯಿಗೆ ಸ್ಟೀಲ್ ಜಾಲರಿ ಸಾಕು.

3. ಧರೆಗೂ ಮನೆಗೂ ಅಂತರ. ಧರೆಯ ಎತ್ತರದ ಅರ್ಧದಷ್ಟು ಬಿಡಿ ಎನ್ನುವುದು ಸಾಮಾನ್ಯ ಲೆಕ್ಕ. ನಮ್ಮ ಮಳೆಗೆ ನಾನು ಎತ್ತರದಷ್ಟೇ ಕೇಳುತ್ತೇನೆ. ಜಾಗ ಹೋಯಿತು ಎಂದು ಮರುಗಬೇಡಿ, ಆ ಓಣಿಯಲ್ಲಿ ಗಾಳಿ ಬೆಳಕು ಬರುತ್ತದೆ, ಚರಂಡಿ ಕೂರುತ್ತದೆ. ಮನೆಯ ಗೋಡೆಯನ್ನೇ ತಡೆಗೋಡೆ ಮಾಡಿ ಮಣ್ಣಿಗೆ ಆನಿಸುವುದು ದುಡ್ಡು ಉಳಿಸಿದಂತೆ ಕಾಣುತ್ತದೆ. ಆ ಕೋಣೆ ಮುಂದೆ ಎಷ್ಟು ಬಗೆಯ ವಾಟರ್‌ಪ್ರೂಫ್ ಡಬ್ಬಿ ತಿನ್ನುತ್ತದೆ ಎಂಬ ಲೆಕ್ಕ ಆಗ ಯಾರೂ ಹಾಕುವುದಿಲ್ಲ.

4. ಮಾಡಿನ ನೀರು ದೋಣಿ, ಪೈಪಿನ ಮೂಲಕ ಮನೆಗಿಂತ ಕೆಳಗೆ, ಹಳ್ಳದವರೆಗೆ. ಇಲ್ಲಿ ಒಂದು ಜಗಳದ ಮಾತು ಹೇಳಬೇಕು. ಮಳೆನೀರು ಇಂಗಿಸಿ ಎಂದು ಎಲ್ಲೆಡೆ ಹೇಳುತ್ತಾರೆ, ಬಯಲು ಸೀಮೆಗೆ ಅದು ಸರಿಯೇ. ಆದರೆ ಧರೆಯ ಮೇಲ್ಬದಿ ಇಂಗುಗುಂಡಿ ತೋಡುವುದು ಧರೆಗೆ ನೀರು ಕುಡಿಸಿ ಕೆಡವಿದಂತೆ. ಕಕ್ಕಸಿನ ಗುಂಡಿ, ಬಚ್ಚಲ ನೀರಿನ ಗುಂಡಿಯ ಕಥೆಯೂ ಇದೇ. ಎಲ್ಲವೂ ಮನೆಯ ಕೆಳಬದಿಗೆ, ಕೆಳಗಿನ ಮನೆಯವರ ಧರೆಯಿಂದಲೂ ಬಾವಿಯಿಂದಲೂ ದೂರಕ್ಕೆ ಹೋಗಲಿ. ನೀರು ಉಳಿಸಬೇಕೆಂದಿದ್ದರೆ ಟ್ಯಾಂಕಿನಲ್ಲಿ ಉಳಿಸಿ.

5. ಬೋಳು ಧರೆಗೆ ಹಸಿರು. ಜೂನ್ ಮೊದಲ ವಾರ ಲಾವಂಚದ ಸಸಿಯನ್ನು ಗೇಣಿಗೊಂದರಂತೆ ಅಡ್ಡ ಸಾಲಿನಲ್ಲಿ ನೆಡಿ, ಬೇರು ನೇರ ಕೆಳಗೆ ಆಳಕ್ಕೆ ಇಳಿಯುತ್ತದೆ. ಪ್ಲಾಸ್ಟಿಕ್ ತಾಡಪಾಲು ಹೊದಿಸುವುದು ಮೊದಲ ವರ್ಷದ ತುರ್ತಿಗೆ ಮಾತ್ರ.

ಒಣ ಮನೆ

ಮಲೆನಾಡಿನಲ್ಲಿ ಆರೋಗ್ಯದ ಮನೆ ಎಂದರೆ ಒಣ ಮನೆ. ಬೂಸ್ಟು ಬರೀ ಕೊಳಕಲ್ಲ. ತೇವ ಮತ್ತು ಬೂಸ್ಟಿರುವ ಮನೆಗಳಲ್ಲಿ ಉಬ್ಬಸ, ಉಸಿರಾಟದ ತೊಂದರೆ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲೇ ಹೇಳಿದೆ. ತೇವ ಬರುವ ದಾರಿ ಮೂರು, ಮದ್ದು ಬೇರೆ ಬೇರೆ. ಒಂದಕ್ಕೆ ಇನ್ನೊಂದರ ಮದ್ದು ಹಚ್ಚುವುದರಿಂದಲೇ ದುಡ್ಡು ಪೋಲಾಗುವುದು.

ನೆಲದಿಂದ ಏರುವ ತೇವ. ದೀಪದ ಬತ್ತಿ ಎಣ್ಣೆ ಎಳೆದಂತೆ ಗೋಡೆ ನೀರು ಎಳೆಯುತ್ತದೆ. ಮಂಡಿಯೆತ್ತರದವರೆಗೆ ಬಣ್ಣ ಎದ್ದು ಉಪ್ಪು ಕಂಡರೆ ಇದೇ. ಕೆಸರುಗಲ್ಲು ಎರಡಡಿ ಎತ್ತರ, ಅದರ ಮೇಲೆ ತೇವ ತಡೆಯುವ ಕಾಂಕ್ರೀಟು ಪದರ, ನೆಲದಡಿಗೆ ಜಲ್ಲಿ ಮತ್ತು ದಪ್ಪ ಪ್ಲಾಸ್ಟಿಕ್ ಹಾಳೆ. ಕಟ್ಟುವಾಗ ಮಾಡಿದರೆ ಸುಲಭ, ಆಮೇಲೆ ಗೋಳು.

ಎರಚಲು. ಮುಂಗಾರು ಗಾಳಿ ನೈಋತ್ಯದಿಂದ, ಹಾಗಾಗಿ ಪಡುವಣ ಗೋಡೆಗೇ ಹೊಡೆತ. ಪೂರ್ವಕ್ಕೆ ಇಳಿಯುವ ಗುಡ್ಡ ಸಿಕ್ಕಿದರೆ ಅದೃಷ್ಟ, ಬೆನ್ನಿಗೆ ಗುಡ್ಡದ ಮರೆ, ಎದುರಿಗೆ ಬೆಳಗಿನ ಬಿಸಿಲು. ಸೂರ್ಯಾಸ್ತದ ಆಸೆಗೆ ಪಶ್ಚಿಮದ ಇಳಿಜಾರು ಕೊಂಡವರು ಆ ಬದಿಗೆ ಜಗಲಿಯನ್ನೋ ಮೂರ್ನಾಲ್ಕು ಅಡಿ ಇಳಿಮಾಡನ್ನೋ ಕೊಡಲೇಬೇಕು. ನಮ್ಮ ಅಜ್ಜಿ ಮನೆಯಲ್ಲಿ ಮೇ ಕೊನೆಗೆ ಪಡುವಣ ಜಗಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು, ಮಳೆ ಹೋದ ಮೇಲೆ ಬಿಚ್ಚಿ ತೋಟಕ್ಕೆ. ಇವತ್ತಿಗೂ ಅದಕ್ಕಿಂತ ಅಗ್ಗದ ಉಪಾಯ ಬಂದಿಲ್ಲ.

ಒಳಗೇ ಹುಟ್ಟುವ ತೇವ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಐದು ಕಿಲೊ ಬಟ್ಟೆ ಒಗೆದು ಮೆಷಿನ್ನಿನಲ್ಲಿ ಹಿಂಡಿ ಕೋಣೆಯೊಳಗೆ ಹರಡಿದರೆ ಎರಡು ಎರಡೂವರೆ ಲೀಟರ್ ನೀರು ಆ ಕೋಣೆಯ ಗಾಳಿಗೆ ಸೇರಿತು. ಮಳೆಗಾಲದಲ್ಲಿ ಕಿಟಕಿ ತೆರೆದಿಟ್ಟರೆ ಒಣಗುತ್ತದೆಂದು ಕಾಯಬೇಡಿ, ಹೊರಗಿನ ಗಾಳಿಯೇ ಒದ್ದೆ. ಬೇಕಾದ್ದು ಬಿಸಿ. ಹಳೆಯ ಮನೆಗಳಲ್ಲಿ ಒಲೆ ಆರುತ್ತಲೇ ಇರಲಿಲ್ಲ, ಅಟ್ಟ ಸದಾ ಬೆಚ್ಚಗಿತ್ತು. ಈಗಿನ ಮನೆಗೆ ನಾನು ಹೇಳುವುದು: ಬಚ್ಚಲ ಒಲೆಯ ಚಿಮಣಿ ಹಾಯುವ ಗೋಡೆಯ ಇನ್ನೊಂದು ಬದಿಗೆ ಐದಡಿಗೆ ಎಂಟಡಿಯ ಪುಟ್ಟ ಕೋಣೆ, ಮೇಲೆ ಗಳ, ತುದಿಯಲ್ಲಿ ಎಕ್ಸಾಸ್ಟ್ ಫ್ಯಾನು. ಬಟ್ಟೆ, ಕೊಡೆ, ಶಾಲೆಯ ಬೂಟು ಎಲ್ಲ ಅಲ್ಲಿಗೆ. ಈ ಕೋಣೆ ಕೊಟ್ಟ ಮನೆಗಳ ಹೆಂಗಸರು ಉಳಿದ ವಿನ್ಯಾಸದ ತಪ್ಪನ್ನೆಲ್ಲ ಕ್ಷಮಿಸಿದ್ದಾರೆ.

ಉಳಿದ ತಿಂಗಳು ಗಾಳಿಯ ಲಾಭ ಇಳಿಜಾರಿಗೇ ಹೆಚ್ಚು. ಹಗಲು ಬಿಸಿಯಾದ ಗಾಳಿ ಗುಡ್ಡ ಹತ್ತುತ್ತದೆ, ರಾತ್ರಿ ತಂಪಾಗಿ ಕಣಿವೆಗೆ ಇಳಿಯುತ್ತದೆ. ಕಣಿವೆ ಬದಿಗೆ ತಗ್ಗಿನ ದೊಡ್ಡ ಕಿಟಕಿ, ಗುಡ್ಡದ ಬದಿಗೆ ಎತ್ತರದಲ್ಲಿ ಸಣ್ಣ ಗವಾಕ್ಷಿ ಇಟ್ಟರೆ ಏಪ್ರಿಲ್ ಮಧ್ಯಾಹ್ನವೂ ಫ್ಯಾನು ಸಾಕು. ಗುಡ್ಡದ ಬದಿಗೆ ಉಗ್ರಾಣ, ಮೆಟ್ಟಿಲು, ಓಣಿ ಇರಲಿ. ಮನುಷ್ಯರು ಹೆಚ್ಚು ಹೊತ್ತು ಇರುವ ಕೋಣೆ ಕಣಿವೆಯ ಕಡೆಗೆ. ಅಡುಗೆಮನೆಯನ್ನು ಹಿಂದೆ ತಳ್ಳುವ ರೂಢಿ ಬಿಡಿ. ಧರೆ ಜಾರಿದಾಗ ಮೊದಲು ಸಿಕ್ಕುವುದು ಅಲ್ಲಿ ದೋಸೆ ಹೊಯ್ಯುತ್ತಿರುವವರು.

ಗೋಡೆಗೆ ಜಂಬಿಟ್ಟಿಗೆ ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ಕಡಿದ ಮಣ್ಣಿನಿಂದಲೇ ಇಟ್ಟಿಗೆ ಒತ್ತಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ಇದನ್ನು ಪಕ್ವ ಮಾಡಿ ಕೊಟ್ಟಿದೆ: ಮಣ್ಣು, ಮರಳು, ಸ್ವಲ್ಪ ಸಿಮೆಂಟ್, ಕೈಯಂತ್ರ. ಸುಡುವ ಸೌದೆ ಇಲ್ಲ, ಲಾರಿ ಬಾಡಿಗೆ ಇಲ್ಲ. ಆದರೆ ಶೇಡಿ ಮಣ್ಣು ಇದಕ್ಕೆ ಬೇಡ, ಮೂರ್ನಾಲ್ಕು ವಾರ ನೀರುಣಿಸಿ ಕಾಯುವ ತಾಳ್ಮೆ ಬೇಕು, ಡಿಸೆಂಬರಿನಲ್ಲೇ ಶುರು ಮಾಡಬೇಕು.

ಮಾಡಿನ ಬಗ್ಗೆ ನನ್ನ ಅಭಿಪ್ರಾಯ ಗಡುಸು. ಈ ಮಳೆಗೆ ಸಪಾಟು ಆರ್‌ಸಿಸಿ ಹಾಕಿ, ಎರಡು ವರ್ಷಕ್ಕೆ ಸೋರಿ, ಮೇಲೆ ಕಬ್ಬಿಣದ ಟ್ರಸ್ಸು ತಗಡು ಹೊದಿಸುವ ಮನೆಗಳೇ ಊರ ತುಂಬ. ಎರಡು ಮಾಡಿಗೆ ದುಡ್ಡು ಕೊಡುವ ಬದಲು ಮೊದಲೇ ಇಳಿಮಾಡು, ಹೆಂಚು, ಕೆಳಗೆ ಮುಚ್ಚಿಗೆ ಮಾಡಿಸಿ. ಹೆಂಚಿಗೂ ಮುಚ್ಚಿಗೆಗೂ ನಡುವಿನ ಗಾಳಿಯೇ ಬಿಸಿಲು ತಡೆಯುತ್ತದೆ. ನಾಲ್ಕು ಗಾಜಿನ ಹೆಂಚು ಇಟ್ಟರೆ ಜುಲೈಯ ಕತ್ತಲೆ ಮಧ್ಯಾಹ್ನಕ್ಕೂ ದೀಪ ಬೇಡ.

ಕರೆಂಟಿನ ಲೆಕ್ಕ

ಗೃಹಜ್ಯೋತಿ ಬಂದ ಮೇಲೆ ಬಿಲ್ಲೇ ಬಾರದಿರುವಾಗ ಉಳಿತಾಯದ ಮಾತೇಕೆ ಎಂದು ಕೇಳಬಹುದು. ಬಿಲ್ಲು ಬಾರದಿದ್ದರೂ ಕರೆಂಟು ಬರಬೇಕಲ್ಲ. ಮರ ಬಿದ್ದು ತಂತಿ ಹರಿದರೆ ನಮ್ಮ ಕಡೆ ಐದು ದಿನ ಕತ್ತಲೆ. ಕಡಿಮೆ ಬೇಡುವ ಮನೆಯೇ ಆಗ ನಡೆಯುವುದು.

ನೂರು ಲೀಟರ್ ನೀರನ್ನು ಸ್ನಾನದ ಹದಕ್ಕೆ ಕಾಯಿಸಲು ಸುಮಾರು 3 ಯೂನಿಟ್ ಬೇಕು. 10 ವ್ಯಾಟಿನ ಎಲ್‌ಇಡಿ ದೀಪ ಸಂಜೆ ಐದು ಗಂಟೆ ಕಾಲ ಉರಿದರೆ 0.05 ಯೂನಿಟ್. ಒಂದು ದಿನದ ಬಿಸಿನೀರು ಅರವತ್ತು ದೀಪಕ್ಕೆ ಸಮ. ಹಾಗಾಗಿ ಮೊದಲು ಬಿಸಿನೀರನ್ನು ಹಿಡಿಯಿರಿ. ಅಕ್ಟೋಬರಿನಿಂದ ಮೇ ತನಕ ದಕ್ಷಿಣಕ್ಕೆ ಮುಖ ಮಾಡಿದ ಸೋಲಾರ್ ಹೀಟರ್, ಮಳೆಗಾಲಕ್ಕೆ ಅಡಿಕೆ ಸಿಪ್ಪೆ, ಸೋಗೆ ಉರಿಸುವ ಬಚ್ಚಲ ಒಲೆ. ಚಿಮಣಿ ಮಾಡಿನ ಶಿಖರಕ್ಕಿಂತ ಎತ್ತರ ಹೋಗಲಿ, ಇಲ್ಲದಿದ್ದರೆ ಗುಡ್ಡದಿಂದ ಇಳಿಯುವ ಗಾಳಿ ಹೊಗೆಯನ್ನು ಮನೆಯೊಳಕ್ಕೇ ತಳ್ಳುತ್ತದೆ. ಗ್ಯಾಸ್ ಗೀಸರ್ ಹಾಕುವುದಾದರೆ ಬಚ್ಚಲ ಹೊರಗೆ, ಗಾಳಿ ಆಡುವಲ್ಲಿ. ಮುಚ್ಚಿದ ಬಚ್ಚಲಲ್ಲಿ ಅದರಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಎಚ್ಚರಿಕೆಯೂ ಇಲ್ಲ.

ಎತ್ತರವೇ ಇಳಿಜಾರಿನ ಆಸ್ತಿ. ಮನೆಗಿಂತ 10 ಮೀಟರ್ ಮೇಲೆ ಗಟ್ಟಿ ನೆಲದ ಮೇಲೊಂದು ಟ್ಯಾಂಕು ಇಟ್ಟರೆ ನಲ್ಲಿಯಲ್ಲಿ ಪಂಪಿಲ್ಲದೆ ಒಳ್ಳೆಯ ರಭಸ. ಮೇಲೆ ಒರತೆಯಿದ್ದರೆ ಟ್ಯಾಂಕಿಗೆ ನೀರೇರಿಸಲೂ ಪಂಪು ಬೇಡ, ಹಿಂದೆ ಅಡಿಕೆ ದಂಬೆಯಲ್ಲಿ ತಂದ ಅಬ್ಬಿ ನೀರನ್ನು ಈಗ ಪೈಪಿನಲ್ಲಿ ತನ್ನಿ. ಟ್ಯಾಂಕು ಧರೆಯ ತಲೆಯ ಮೇಲೆ ಮಾತ್ರ ಬೇಡ, ಸೋರಿದರೆ ಮುಗಿಯಿತು. ಹಳ್ಳ ಹರಿಯುವ ಜಾಗದಲ್ಲಿ ಪಿಕೊ ಹೈಡ್ರೊ ಇಟ್ಟವರು ಮಲೆನಾಡಿನಲ್ಲಿ ಬೇಕಾದಷ್ಟು ಜನ ಇದ್ದಾರೆ. 20 ಮೀಟರ್ ಇಳಿತ, ಸೆಕೆಂಡಿಗೆ 5 ಲೀಟರ್ ನೀರು, ಅರ್ಧ ನಷ್ಟ ಕಳೆದರೂ 490 ವ್ಯಾಟ್ ಹಗಲು ರಾತ್ರಿ. ಸೂರ್ಯ ಕಾಣದ ನಾಲ್ಕು ತಿಂಗಳೇ ಇದು ಚೆನ್ನಾಗಿ ಓಡುವುದು. ಸೋಲಾರ್ ವಿದ್ಯುತ್ತಿಗೆ 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೊವ್ಯಾಟಿಗೆ 78,000 ರೂಪಾಯಿವರೆಗೆ ಸಹಾಯಧನವಿದೆ. ಬ್ಯಾಟರಿಯಿಲ್ಲದ ಸಾಮಾನ್ಯ ಗ್ರಿಡ್ ಸೋಲಾರ್ ಕರೆಂಟು ಹೋದಾಗ ತಾನೂ ನಿಲ್ಲುತ್ತದೆ ಎಂಬುದನ್ನು ಮಾರುವವರು ಮೊದಲೇ ಹೇಳುವುದಿಲ್ಲ.

ಪದೇ ಪದೇ ಕಾಣುವ ತಪ್ಪುಗಳು

* ಕಡಿದ ಮಣ್ಣನ್ನು ಕೆಳಬದಿಗೆ ದೂಡಿ ಅಂಗಳ ಅಗಲ ಮಾಡುವುದು. ಆ ಅಂಗಳ ಮೊದಲ ಮಳೆಗೆ ಬಿರುಕು ಬಿಟ್ಟು ಹೊರಡುತ್ತದೆ. ಕಾರು ನಿಲ್ಲಿಸಲು ಅದೇ ಜಾಗ ಆರಿಸುವುದು ಇನ್ನೊಂದು ತಪ್ಪು.
* ಮಾರ್ಚಿನಲ್ಲಿ ಧರೆ ಕಡಿದು, ತಡೆಗೋಡೆಯನ್ನು 'ಮನೆ ಮುಗಿದ ಮೇಲೆ ನೋಡುವ' ಎನ್ನುವುದು. ಕಡಿದ ಬೇಸಿಗೆಯಲ್ಲೇ ಗೋಡೆಯೂ ಚರಂಡಿಯೂ ಏಳಬೇಕು.
* ರಸ್ತೆ ಮರೆಯುವುದು. ತುಂಬಿದ ಲಾರಿ ಹತ್ತದಿದ್ದರೆ ಪ್ರತಿ ಕಲ್ಲಿಗೂ ಎರಡೆರಡು ಸಲ ಕೂಲಿ.
* ಒದ್ದೆ ಗೋಡೆಗೆ ನೀರು ಬಿಡದ ಪ್ಲಾಸ್ಟಿಕ್ ಬಣ್ಣ ಬಳಿಯುವುದು. ಒಳಗಿನ ತೇವಕ್ಕೆ ಹೊರದಾರಿ ಇಲ್ಲದೆ ಬಣ್ಣವೇ ಗುಳ್ಳೆಯೇಳುತ್ತದೆ. ಸುಣ್ಣ ಉಸಿರಾಡುತ್ತದೆ.
* ಕಾಣುವ ನೋಟಕ್ಕೆ ಅಡ್ಡವೆಂದು ಕೆಳಬದಿಯ ಮರ ಕಡಿಸುವುದು. ಕೊಂಬೆ ಸವರಿಸಿ, ಬುಡ ಬಿಡಿ.

ಮೊದಲ ಮಳೆಗಾಲ

ಮನೆ ಮುಗಿದ ವರ್ಷ ಜೂನ್‌ನಿಂದ ಸೆಪ್ಟೆಂಬರ್ ತನಕ ವಾರಕ್ಕೊಮ್ಮೆ ಕೊಡೆ, ಗುದ್ದಲಿ ಹಿಡಿದು ಒಂದು ಸುತ್ತು ಬನ್ನಿ. ಮೇಲಿನ ಚರಂಡಿಯಲ್ಲಿ ಎಲೆ ಕಟ್ಟಿದ್ದರೆ ಎಳೆದು ಹಾಕಿ. ತಡೆಗೋಡೆಯ ಪೈಪಿನಿಂದ ತಿಳಿನೀರು ಬರುತ್ತಿದ್ದರೆ ಸಂತೋಷಪಡಿ, ಕೆಂಪು ನೀರು ಬಂದರೆ ಹಿಂದಿನ ಮಣ್ಣು ತೊಳೆದು ಹೋಗುತ್ತಿದೆ, ಜೋರು ಮಳೆಯಲ್ಲೂ ಏನೂ ಬಾರದಿದ್ದರೆ ಪೈಪು ಕಟ್ಟಿದೆ. ಇದ್ದಕ್ಕಿದ್ದಂತೆ ಒರತೆ ಹೊಸ ಜಾಗದಲ್ಲಿ ಎದ್ದರೆ, ಇದ್ದದ್ದು ಬತ್ತಿದರೆ, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳತೊಡಗಿದರೆ ಅಂದು ರಾತ್ರಿ ಆ ಮನೆಯಲ್ಲಿ ಮಲಗಬೇಡಿ, ನೆಂಟರ ಮನೆಗೆ ಹೋಗಿ, ಬೆಳಗ್ಗೆ ಎಂಜಿನಿಯರನ್ನು ಕರೆಸಿ.

ಗೋಡೆಯಲ್ಲಿ ಕೂದಲೆಳೆ ಬಿರುಕು ಹೊಸ ಮನೆಗೆಲ್ಲ ಬರುತ್ತದೆ. ಅದು ಬರೀ ಪ್ಲಾಸ್ಟರಿನದ್ದೋ, ಪಾಯದ್ದೋ ಎಂದು ತಿಳಿಯಲು ಬಿರುಕಿನ ಎರಡು ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ಹದಿನೈದು ದಿನ ಬಿಟ್ಟು ಮತ್ತೆ ನೋಡಿ. ಗೆರೆ ದಾಟಿ ಮುಂದೆ ಹೋಗಿದ್ದರೆ ಅಲ್ಲಿಗೆ ಇನ್ನೊಂದು ಗೆರೆ, ಇನ್ನೊಂದು ತಾರೀಕು. ಎಂಜಿನಿಯರ್ ಬಂದಾಗ ಮೊದಲು ಅದನ್ನೇ ತೋರಿಸಿ. ಅಲ್ಲಿಯವರೆಗೆ ಅದರ ಮೇಲೆ ಪುಟ್ಟಿ ಹಚ್ಚಲು ಯಾರಿಗೂ ಬಿಡಬೇಡಿ.